ಕಾರಿನ ಹೊಳಪು: ತಾರಿಹಾಳದ ಒಂದು ಕರಪತ್ರದ ವಿಮರ್ಶೆ

ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶಕ್ಕೆ ನೀವು ಹೋಗಿದ್ದರೆ ಅಲ್ಲಿಯ ದೂಳಿನ ಪರಿಚಯ ನಿಮಗಿರುತ್ತದೆ. ಲಾರಿಗಳು ಎಬ್ಬಿಸುವ ಮಣ್ಣು, ಗ್ರೈಂಡಿಂಗ್ ಶೆಡ್ಡುಗಳಿಂದ ಹಾರಿ ಬರುವ ಲೋಹದ ಪುಡಿ ಎರಡೂ ಸೇರಿ ಅರ್ಧ ಗಂಟೆ ನಿಲ್ಲಿಸಿದ ವಾಹನದ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ಪದರ ಕೂರುತ್ತದೆ. ಇಂಥ ಜಾಗದಲ್ಲಿಯೇ ಕಾರನ್ನು ಕನ್ನಡಿಯಂತೆ ಹೊಳೆಯಿಸಿ ಕೊಡುವ ಶೆಡ್ಡೊಂದಕ್ಕೆ ಕಳೆದ ಬೇಸಿಗೆಯಲ್ಲಿ ನಾನು ಹೋಗಬೇಕಾಯಿತು. ಕೆಲಸಕ್ಕೆ ಈಗ ‘ಡೀಟೇಲಿಂಗ್’ ಎಂದು ಹೆಸರು. ಬರೀ ತೊಳೆದು ಒರೆಸುವುದಲ್ಲ. ಬಣ್ಣದ ಮೇಲಿನ ಗೀರುಗಳನ್ನು ಯಂತ್ರದಿಂದ ತೀಡಿ ತೆಗೆಯುವುದು, ಮೇಲೊಂದು ರಕ್ಷಾ ಲೇಪ ಹಚ್ಚುವುದು, ಎಂಜಿನ್ನಿನ ಕೋಣೆಯ ಜಿಡ್ಡು ತೆಗೆಯುವುದು, ಒಳಗಿನ ಸೀಟು ಮತ್ತು ಡ್ಯಾಶ್‌ಬೋರ್ಡುಗಳನ್ನು ಹೊಸದರಂತೆ ಮಾಡುವುದು ಎಲ್ಲವೂ ಇದರಲ್ಲಿ ಸೇರುತ್ತವೆ.

ಅಲ್ಲಿ ನನ್ನ ಕೈಗೆ ನಾಲ್ಕು ಪುಟದ ಬಣ್ಣದ ಕರಪತ್ರವೊಂದು ಬಂದಿತು. ಸೂತ್ರಧಾರಿಯಾಗಿ ‘ನ್ಯಾನೊ’ ಎಂಬ ಪದ ಏಳು ಬಾರಿ ಕಾಣಿಸಿಕೊಂಡಿತ್ತು. ವಜ್ರಕ್ಕೆ ಸಮೀಪದ 9ಎಚ್ ಗಡಸುತನ, ಕಮಲದ ಎಲೆಯ ತತ್ತ್ವ, ಇಮ್ಮಡಿ ಹೊಳಪು, ಶೋರೂಮಿನಿಂದ ಈಗಷ್ಟೇ ಇಳಿದಂತಹ ಎಂಜಿನ್. ಪುಸ್ತಕಗಳನ್ನು ವಿಮರ್ಶಿಸುವವರು ಬಹಳ ಮಂದಿ ಇದ್ದಾರೆ. ವಿಜ್ಞಾನದ ಹೆಸರು ಹೇಳುವ ಇಂಥ ಕರಪತ್ರಗಳನ್ನು ಪುಸ್ತಕಗಳಿಗಿಂತ ಹೆಚ್ಚು ಜನ ಓದುತ್ತಾರೆ, ಓದಿ ಸಾವಿರಾರು ರೂಪಾಯಿ ಕೊಡುತ್ತಾರೆ. ಆದ್ದರಿಂದ ಇದನ್ನೂ ಒಂದು ಕೃತಿಯೆಂದೇ ಎಣಿಸಿ ಪರಿಶೀಲಿಸಬಹುದಲ್ಲವೇ?

ಮೊದಲು ಬಣ್ಣದ ವಿಷಯ. ಕಾರಿನ ಉಕ್ಕಿನ ತಗಡಿನ ಮೇಲೆ ಒಂದೇ ಬಣ್ಣ ಇರುವುದಿಲ್ಲ. ತುಕ್ಕು ತಡೆಯಲು ವಿದ್ಯುತ್ತಿನ ಸಹಾಯದಿಂದ ಕೂರಿಸಿದ ಸುಮಾರು 20 ಮೈಕ್ರೊಮೀಟರ್‌ನ ಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ನಾವು ನೋಡುವ ಬಣ್ಣದ ತೆಳು ಪದರ, ಎಲ್ಲಕ್ಕೂ ಮೇಲೆ ‘ಕ್ಲಿಯರ್ ಕೋಟ್’ ಎಂಬ ಬಣ್ಣವಿಲ್ಲದ ಪಾರದರ್ಶಕ ಪದರ. ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 140 ಮೈಕ್ರೊಮೀಟರ್. ನಿಮ್ಮ ಉತ್ತರ ಪತ್ರಿಕೆಯ ಒಂದು ಹಾಳೆಯಷ್ಟು ದಪ್ಪ ಎಂದರೆ ತಪ್ಪಾಗದು. ಇದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 35ರಿಂದ 50 ಮೈಕ್ರೊಮೀಟರ್, ಅಂದರೆ ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರಿ ಕೆಳಗಿನ ಬಣ್ಣವನ್ನು ಕಾಯುವುದು ಈ ಪದರವೇ. ಹೊಳೆಯುವುದೂ ಇದೇ.

ಈಗ ಗೀರುಗಳನ್ನು ನೋಡಿ. ಕಪ್ಪು ಅಥವಾ ಕಡುನೀಲಿ ಕಾರನ್ನು ರಾತ್ರಿ ಬೀದಿದೀಪದ ಕೆಳಗೆ ಗಮನಿಸಿ. ದೀಪದ ಪ್ರತಿಬಿಂಬದ ಸುತ್ತ ಜೇಡರ ಬಲೆಯಂತೆ ವರ್ತುಲಾಕಾರದ ಸಣ್ಣ ಗೆರೆಗಳು ಕಾಣುತ್ತವೆ. “ಗೋಲ ತಿರುವಿ ಒರಸ್ಯಾರ್ರಿ, ಅದಕ್ಕ ಗೋಲ ಗೆರಿ ಬಿದ್ದಾವು” ಎಂದು ಅಲ್ಲಿಯ ಹುಡುಗನೊಬ್ಬ ವಿವರಿಸಿದ. ಕರಪತ್ರವೂ ಹೀಗೆಯೇ ಹೇಳುತ್ತದೆ. ಇದು ನಿಜವೇ? ಪರೀಕ್ಷೆ ಸುಲಭ. ಕೈಯಲ್ಲಿ ಟಾರ್ಚ್ ಹಿಡಿದು ಅದನ್ನು ಸರಿಸಿ. ವರ್ತುಲಗಳ ಕೇಂದ್ರವೂ ಟಾರ್ಚಿನ ಪ್ರತಿಬಿಂಬದೊಂದಿಗೆ ಸರಿಯುತ್ತದೆ! ಬಣ್ಣದ ಮೇಲೆ ಬಿದ್ದ ಗೆರೆಗಳು ನಡೆದಾಡಲಾರವು. ಹಾಗಾದರೆ ಆಗುತ್ತಿರುವುದೇನು? ಮೇಲ್ಮೈಯ ಮೇಲೆ ಎಲ್ಲ ದಿಕ್ಕುಗಳಲ್ಲಿಯೂ ಗೀರುಗಳಿವೆ. ಪ್ರತಿ ಗೀರೂ ಒಂದು ನೀಳವಾದ ಸಣ್ಣ ಕನ್ನಡಿಯಂತೆ ವರ್ತಿಸಿ ತನ್ನ ಉದ್ದಕ್ಕೆ ಅಡ್ಡಲಾಗಿ ಮಾತ್ರ ಬೆಳಕನ್ನು ಚೆದರಿಸುತ್ತದೆ. ಆದ್ದರಿಂದ ಪ್ರತಿಬಿಂಬದ ಕಡೆಗೆ ಎಳೆದ ರೇಖೆಗೆ ಲಂಬವಾಗಿರುವ ಗೀರುಗಳ ಬೆಳಕಷ್ಟೇ ನಮ್ಮ ಕಣ್ಣಿಗೆ ತಲುಪುತ್ತದೆ. ಅಂಥವುಗಳನ್ನೆಲ್ಲ ಜೋಡಿಸಿದರೆ ವರ್ತುಲವಲ್ಲದೆ ಬೇರೇನು? ಮನೆಯ ಹಳೆಯ ಸ್ಟೀಲ್ ಡಬ್ಬಿಯ ಮುಚ್ಚಳದ ಮೇಲೂ ಇದನ್ನು ತೋರಿಸಬಹುದು. ಹತ್ತನೆಯ ತರಗತಿಗೆ ಪ್ರತಿಫಲನದ ಪಾಠ ಮಾಡುವವರು ಇದನ್ನು ಬಿಡಬಾರದು.

ಗೀರು ತೆಗೆಯುವುದೆಂದರೆ ತುಂಬುವುದಲ್ಲ, ಗೀರಿನ ತಳದ ಮಟ್ಟದವರೆಗೆ ಸುತ್ತಲಿನ ಕ್ಲಿಯರ್ ಕೋಟನ್ನು ತೀಡಿ ಇಳಿಸುವುದು. ಕರಪತ್ರ ಹೇಳದೆ ಬಿಟ್ಟಿರುವ ಅತಿ ಮುಖ್ಯ ಸಂಗತಿ ಇದು. ಒಂದು ಸಲದ ಯಂತ್ರ ಪಾಲಿಶ್‌ನಲ್ಲಿ 2ರಿಂದ 3 ಮೈಕ್ರೊಮೀಟರ್ ಹೋಗುತ್ತದೆ ಎಂದುಕೊಳ್ಳಿ. 40ರಲ್ಲಿ 3 ಹೋದರೆ ನಷ್ಟವೇನಿಲ್ಲ ಎನಿಸಬಹುದು. ಆದರೆ ಕರಪತ್ರ ‘ವಾರ್ಷಿಕ ಪ್ಯಾಕೇಜ್’ ಒಂದನ್ನು ಮುಂದಿಡುತ್ತದೆ. ಆರು ವರ್ಷ ಹೀಗೆ ಮಾಡಿಸಿದರೆ 18 ಮೈಕ್ರೊಮೀಟರ್, ಅಂದರೆ ರಕ್ಷಾ ಪದರದ ಅರ್ಧದಷ್ಟು ಹೋಗಿರುತ್ತದೆ. ಅಂಚು ಮತ್ತು ಏಣುಗಳಲ್ಲಿ ಯಂತ್ರದ ಒತ್ತಡ ಹೆಚ್ಚು, ಅಲ್ಲಿ ಇನ್ನೂ ಬೇಗ. ಬಳಿಕ ಬಿಸಿಲಿಗೆ ಬಣ್ಣ ಮಂಕಾಗಿ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ನೀವು ಹಣ ಕೊಟ್ಟು ಕೊಂಡ ಹೊಳಪು ನಿಮ್ಮದೇ ಕಾರಿನ ಠೇವಣಿಯಿಂದ ತೆಗೆದದ್ದು.

ತಾರಿಹಾಳದಲ್ಲಿ ಇದನ್ನು ಹೇಳುವಾಗ ನನಗೊಂದು ವಿಚಿತ್ರ ಕಾಣುತ್ತದೆ. ಹುಬ್ಬಳ್ಳಿ ವಾಲ್ವ್ ತಯಾರಿಕೆಗೆ ಹೆಸರಾದ ಊರು. ಇಲ್ಲಿಯ ಯಂತ್ರದ ಶೆಡ್ಡುಗಳಲ್ಲಿ ವಾಲ್ವಿನ ಸೀಟನ್ನು ಲ್ಯಾಪಿಂಗ್ ಮಾಡುವವರು ಎಷ್ಟು ಮೈಕ್ರಾನ್ ಹೋಯಿತು, ಎಷ್ಟು ಉಳಿಯಿತು ಎಂದು ಪ್ರತಿ ಬಾರಿ ಅಳೆಯುತ್ತಾರೆ. ಐ.ಟಿ.ಐ. ಮುಗಿಸಿದ ಹುಡುಗ ಕೂಡ ಮೈಕ್ರೊಮೀಟರ್ ಇಲ್ಲದೆ ಕೆಲಸಕ್ಕೆ ಕೈ ಹಾಕಲಾರ. ಅದೇ ಬೀದಿಯಲ್ಲಿ, ಅದೇ ಬಗೆಯ ಉಜ್ಜುವ ಪುಡಿಯಿಂದ ಕಾರಿನ ಬಣ್ಣವನ್ನು ಉಜ್ಜುವಾಗ ಅಳತೆಯ ಮಾತೇ ಇಲ್ಲ.

ಹೊಳಪು ಇಮ್ಮಡಿಯಾಗುತ್ತದೆ ಎಂಬ ಮಾತಿಗೆ ಬರೋಣ. ನಯವಾದ ಮೇಲ್ಮೈ ಎಂದರೆ ಯಾವುದು? ಉಬ್ಬುತಗ್ಗುಗಳು ಬೆಳಕಿನ ತರಂಗದೂರದ ಸುಮಾರು ಎಂಟನೆಯ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ, ನೇರವಾಗಿ ಬೀಳುವ ಬೆಳಕಿಗೆ ಅದು ನಯ ಎಂಬುದು ರ್‍ಯಾಲೆಯ ಮಾನದಂಡ. 550 ನ್ಯಾನೊಮೀಟರ್‌ನ ಹಸಿರು ಬೆಳಕಿಗೆ ಇದು 70 ನ್ಯಾನೊಮೀಟರ್‌ನ ಆಸುಪಾಸು. ಒಳ್ಳೆಯ ಪಾಲಿಶ್ ಈ ಮಟ್ಟವನ್ನು ಮುಟ್ಟುತ್ತದೆ. ಕಸುಬುದಾರರ ಕೈಗೆ ಇಲ್ಲಿ ನಿಜವಾದ ಮರ್ಯಾದೆ ಸಲ್ಲಬೇಕು. ಆದರೆ ನಯವಾದ ಮೇಲೆ ಎಷ್ಟು ಬೆಳಕು ಮರಳುತ್ತದೆ ಎಂಬುದನ್ನು ನಿರ್ಧರಿಸುವುದು ವಕ್ರೀಭವನಾಂಕ. ಕ್ಲಿಯರ್ ಕೋಟಿನದು ಸುಮಾರು 1.5. ಫ್ರೆನೆಲ್‌ನ ಸೂತ್ರದಲ್ಲಿ ಹಾಕಿ ನೋಡಿ: ಲಂಬವಾಗಿ ಬಿದ್ದ ಬೆಳಕಿನಲ್ಲಿ ಶೇಕಡ 4 ಮಾತ್ರ ಪ್ರತಿಫಲಿಸುತ್ತದೆ. ಇದರ ಮೇಲೆ 1.46 ವಕ್ರೀಭವನಾಂಕದ ಸಿಲಿಕ ಪದರ ಹಚ್ಚಿದರೆ? ಗಾಳಿ ಮತ್ತು ಸಿಲಿಕದ ನಡುವಿನ ಪ್ರತಿಫಲನ ಶೇಕಡ 3.5ರಷ್ಟು. ಕೆಳಗಿನ ಮೇಲ್ಮೈಯ ಅಲ್ಪ ಪ್ರತಿಫಲನವನ್ನು ಸೇರಿಸಿಕೊಂಡರೂ ಮೊತ್ತ ಶೇಕಡ 4ನ್ನು ದಾಟುವುದಿಲ್ಲ. ಲೇಪದಿಂದ ಹೊಳಪು ಇಮ್ಮಡಿಯಾಗುವುದಿರಲಿ, ಲೆಕ್ಕದಂತೆ ಕೂದಲೆಳೆಯಷ್ಟು ಇಳಿಯಬೇಕು! ಹಾಗಿದ್ದರೂ ಲೇಪದ ನಂತರ ಕಾರು ಹೆಚ್ಚು ಹೊಳೆಯುವುದು ಸುಳ್ಳಲ್ಲ. ಲೇಪಕ್ಕೆ ಮೊದಲು ಮಾಡಿದ ಪಾಲಿಶ್ ಅದಕ್ಕೆ ಕಾರಣ. ಉಳಿದ ಅತಿ ಸಣ್ಣ ಗೀರುಗಳೊಳಗೆ ತನ್ನಂಥದ್ದೇ ವಕ್ರೀಭವನಾಂಕದ ವಸ್ತು ತುಂಬಿಕೊಂಡು ಅವು ಮರೆಯಾಗುವುದು ಇನ್ನೊಂದು ಕಾರಣ. ಎಣ್ಣೆ ಬಿದ್ದ ಕಾಗದ ಪಾರದರ್ಶಕವಾಗುವ ಹಾಗೆ. ಹಳೆಯ ಮೇಣದ ಪಾಲಿಶ್ ಮಾಡುತ್ತಿದ್ದುದೂ ಇದನ್ನೇ.

ಗಡಸುತನದ ವಿಷಯದಲ್ಲಿ ಕರಪತ್ರ ನೇರವಾಗಿ ದಾರಿ ತಪ್ಪಿಸುತ್ತದೆ. ‘9ಎಚ್’ ಎಂದ ಕೂಡಲೆ ವಿದ್ಯಾರ್ಥಿಗಳಿಗೆ ಮೋಸ್ ಮಾಪಕ ನೆನಪಾಗುತ್ತದೆ. ಅದರಲ್ಲಿ 10 ವಜ್ರ, 9 ಕುರುಂದ. ಕರಪತ್ರ ಬರೆದವರಿಗೂ ಬೇಕಾಗಿರುವುದು ಈ ನೆನಪೇ. ಆದರೆ ಇಲ್ಲಿಯ ಎಚ್ ಪೆನ್ಸಿಲ್ಲಿನ ಎಚ್! ಬಣ್ಣದ ಉದ್ಯಮದಲ್ಲಿ ಪೆನ್ಸಿಲ್ ಪರೀಕ್ಷೆ ಎಂಬುದಿದೆ. ಬೇರೆ ಬೇರೆ ದರ್ಜೆಯ ಪೆನ್ಸಿಲ್ಲುಗಳನ್ನು 45 ಡಿಗ್ರಿ ಕೋನದಲ್ಲಿ ಸುಮಾರು 750 ಗ್ರಾಂ ಭಾರದೊಂದಿಗೆ ಬಣ್ಣದ ಮೇಲೆ ತಳ್ಳುತ್ತಾರೆ. ಯಾವ ಪೆನ್ಸಿಲ್ಲಿಗೆ ಗೀರು ಬೀಳಲಿಲ್ಲವೋ ಅದೇ ಆ ಬಣ್ಣದ ದರ್ಜೆ. ಮಾಪಕದ ಕೊನೆಯ ಪೆನ್ಸಿಲ್ 9ಎಚ್. ಅದರೊಳಗಿರುವುದು ಗ್ರಾಫೈಟ್ ಮತ್ತು ಜೇಡಿಮಣ್ಣು. ನಮ್ಮ ರಸ್ತೆಯ ದೂಳಿನಲ್ಲಿ ಬೆಣಚುಕಲ್ಲಿನ ಕಣಗಳಿವೆ, ಮೋಸ್ ಮಾಪಕದಲ್ಲಿ 7. ಅವಕ್ಕೆ ಪೆನ್ಸಿಲ್ಲಿನ ಭಯವಿಲ್ಲ. ಮೇಲಾಗಿ ಲೇಪ ಎಷ್ಟೇ ಗಡುಸಾಗಿರಲಿ, ಅದರ ದಪ್ಪ ಒಂದೆರಡು ಮೈಕ್ರೊಮೀಟರ್, ಕೆಳಗಿರುವುದು ಮೆದುವಾದ ಪ್ಲಾಸ್ಟಿಕ್ಕಿನಂಥ ಪದರ. ದಿಂಬಿನ ಮೇಲೆ ಹಪ್ಪಳ ಇಟ್ಟು ಒತ್ತಿದರೆ ಏನಾಗುತ್ತದೆ? ಹಪ್ಪಳ ಗಡುಸೆಂದು ದಿಂಬು ತಗ್ಗದಿರುವುದಿಲ್ಲ, ಹಪ್ಪಳವೂ ಉಳಿಯುವುದಿಲ್ಲ.

(ಇದಕ್ಕಿಂತ ಮೊದಲಿನ ಅಲೆ ‘ಟೆಫ್ಲಾನ್ ಕೋಟಿಂಗ್’ನದು. ಟೆಫ್ಲಾನ್ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ದೋಸೆ ಕಾವಲಿಗೆ ಅದನ್ನು ಕೂರಿಸಲು ಅದಕ್ಕಿಂತ ಹೆಚ್ಚು ಕಾಯಿಸಬೇಕು. ಶೆಡ್ಡಿನಲ್ಲಿ ಬಟ್ಟೆಯಿಂದ ಒರೆಸಿ ಅದನ್ನು ಕಾರಿಗೆ ಅಂಟಿಸಿದವರು ಯಾವ ಭೌತವಿಜ್ಞಾನ ಓದಿದ್ದರೋ!)

ಕಮಲದ ಎಲೆಯ ಉಪಮೆಗೆ ಸ್ವಲ್ಪ ತಾಳ್ಮೆ ಬೇಕು. ಎಲೆಯ ಮೇಲೆ ನೀರು ಮುತ್ತಾಗಿ ಉರುಳುವುದನ್ನು ಜರ್ಮನಿಯ ಬಾರ್ಥ್‌ಲಾಟ್ ಮತ್ತು ನೈನ್‌ಹೂಯಿಸ್ 1997ರಲ್ಲಿ ವಿವರವಾಗಿ ವರದಿ ಮಾಡಿದರು. ಆ ಗುಣ ಬರುವುದು ಮೇಣದಿಂದಷ್ಟೇ ಅಲ್ಲ, ಎಲೆಯ ಮೇಲಿನ ಸೂಕ್ಷ್ಮ ಉಬ್ಬುಗಳಿಂದ. ಅಲ್ಲಿಯ ಸಂಪರ್ಕ ಕೋನ 150 ಡಿಗ್ರಿಯನ್ನು ಮೀರುತ್ತದೆ. ನಯವಾದ ಮೇಲ್ಮೈಯಲ್ಲಿ ಎಂಥ ರಾಸಾಯನಿಕ ಹಚ್ಚಿದರೂ ಸುಮಾರು 120 ಡಿಗ್ರಿ ದಾಟುವುದಿಲ್ಲ. ಕಾರು ಹೊಳೆಯಬೇಕಾದರೆ ಮೇಲ್ಮೈ ನಯವಾಗಿರಬೇಕು, ಕಮಲದೆಲೆಯಾಗಬೇಕಾದರೆ ಒರಟಾಗಿರಬೇಕು. ಒಂದೇ ಪುಟದಲ್ಲಿ ಎರಡನ್ನೂ ಕೊಡುತ್ತೇನೆ ಎನ್ನುವವರನ್ನು ಸಂಶಯದಿಂದಲೇ ನೋಡಬೇಕು.

ಈ ಕೋನವನ್ನು ನೀವೇ ಅಳೆಯಬಹುದು. ಮಟ್ಟವಾದ ಜಾಗದಲ್ಲಿ ಎರಡು ಮಿಲಿಮೀಟರ್‌ಗಿಂತ ದೊಡ್ಡದಾಗದ ಹನಿಯೊಂದನ್ನಿಟ್ಟು ಪಕ್ಕದಿಂದ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಹನಿಯ ಎತ್ತರವನ್ನು ಅದರ ತಳದ ತ್ರಿಜ್ಯದಿಂದ ಭಾಗಿಸಿ. ಬರುವುದು ಸಂಪರ್ಕ ಕೋನದ ಅರ್ಧದ ಟ್ಯಾಂಜೆಂಟ್. ಎತ್ತರ ಮತ್ತು ತ್ರಿಜ್ಯ ಸಮನಾಗಿದ್ದರೆ ಕೋನ 90 ಡಿಗ್ರಿ. ಹೊಸ ಲೇಪಕ್ಕೂ ಆರು ತಿಂಗಳ ನಂತರದ ಲೇಪಕ್ಕೂ ಎಷ್ಟು ವ್ಯತ್ಯಾಸ ಎಂಬುದು ಪದವಿ ವಿದ್ಯಾರ್ಥಿಗಳಿಗೆ ಒಳ್ಳೆಯ ಪ್ರಾಜೆಕ್ಟ್ ಆದೀತು. ಇನ್ನೊಂದು ಮಾತು. ಹನಿ ದುಂಡಗಾಗುವುದೇ ಲಾಭವಲ್ಲ. ಅದು ಜಾರಿ ಹೋಗಬೇಕು. ಜಾರದೆ ನಿಂತ ಹನಿ ಬೋರ್‌ವೆಲ್ಲಿನ ಗಡಸು ನೀರಿನದಾಗಿದ್ದರೆ ಅದರೊಳಗಿನ ಲವಣವೆಲ್ಲ ಒಣಗುವಾಗ ಹನಿಯ ಅಂಚಿಗೆ ಬಂದು ಬಿಳಿಯ ಉಂಗುರವಾಗಿ ಕೂರುತ್ತದೆ. ಕಾಫಿಯ ಕಲೆಯ ಅಂಚು ಕಪ್ಪಾಗುವುದೂ ಇದೇ ಕ್ರಿಯೆಯಿಂದ. ನೀರು ಮುತ್ತಾಗುವ ಕಾರನ್ನು ನೆರಳಿನಲ್ಲಿ ತೊಳೆದು ಕೂಡಲೆ ಒರೆಸಬೇಕು ಎಂದು ಕರಪತ್ರದಲ್ಲಿ ಎಲ್ಲಿಯೂ ಇಲ್ಲ. ಲೇಪದಿಂದ ಉಪಯೋಗವೇ ಇಲ್ಲವೆಂದಲ್ಲ. ಕೊಳೆ ಅಂಟುವುದು ಕಡಿಮೆಯಾಗುತ್ತದೆ, ಹಕ್ಕಿಯ ಹಿಕ್ಕೆಯ ಆಮ್ಲ ಬಣ್ಣವನ್ನು ಮುಟ್ಟಲು ತುಸು ತಡವಾಗುತ್ತದೆ. ಅಷ್ಟನ್ನೇ ಬರೆದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ.

ಬಾನೆಟ್ ಎತ್ತೋಣ. ನಮ್ಮ ಕಾಲೇಜಿನ ಸಹೋದ್ಯೋಗಿಯೊಬ್ಬರು ಊರಿನ ಬೇರೊಂದು ಕಡೆ ಎಂಜಿನ್ ತೊಳೆಸಿಕೊಂಡು ಹೊರಟವರು ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಕಾರು ನಿಂತಿತು. ತೊಳೆದವರು ತಮ್ಮದೇನೂ ತಪ್ಪಿಲ್ಲ, ಕನೆಕ್ಟರುಗಳೆಲ್ಲ ವಾಟರ್‌ಪ್ರೂಫ್ ಎಂದರು. ವಾಟರ್‌ಪ್ರೂಫ್ ಎಂದರೆ ಎಷ್ಟು? ಐಪಿ67 ಎಂಬ ಸಾಮಾನ್ಯ ದರ್ಜೆಯ ಪರೀಕ್ಷೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿಸುವುದು. ಒಂದು ಮೀಟರ್ ನೀರಿನ ಒತ್ತಡ ವಾಯುಮಂಡಲದ ಒತ್ತಡದ ಹತ್ತನೆಯ ಒಂದು ಭಾಗ. ತೊಳೆಯುವ ಪಂಪಿನದು ಅದರ ನೂರು ಪಟ್ಟು ಇರಬಹುದು. ಅಂದರೆ ಸಾವಿರ ಪಟ್ಟು ವ್ಯತ್ಯಾಸ. ಹನಿಗಳು ಚೆದರಿ ದೂರ ಹೋದಂತೆ ಇದು ಇಳಿಯುವುದು ನಿಜ, ಆದರೆ ಇಕ್ಕಟ್ಟಾದ ಎಂಜಿನ್ ಕೋಣೆಯಲ್ಲಿ ಮೂತಿಯನ್ನು ಹತ್ತಿರವೇ ಹಿಡಿಯುತ್ತಾರೆ.

ಇದಕ್ಕಿಂತ ಕುತೂಹಲದ ಕಾರಣ ಇನ್ನೊಂದಿದೆ. ಎಂಜಿನ್ ಬಿಸಿ ಇದ್ದಾಗ ಮುಚ್ಚಿದ ಕನೆಕ್ಟರಿನೊಳಗಿನ ಗಾಳಿಯೂ ಬಿಸಿ. 90 ಡಿಗ್ರಿ ಸೆಲ್ಸಿಯಸ್ ಇದ್ದ ಗಾಳಿ ತಣ್ಣೀರು ಬಿದ್ದು 30ಕ್ಕೆ ಇಳಿದರೆ ಕೆಲ್ವಿನ್‌ನಲ್ಲಿ 363ರಿಂದ 303. ಗಾತ್ರ ಬದಲಾಗದಿದ್ದರೆ ಒತ್ತಡ ಅದೇ ಪ್ರಮಾಣದಲ್ಲಿ, ಅಂದರೆ ಶೇಕಡ 16ಕ್ಕಿಂತ ಹೆಚ್ಚು ಇಳಿಯುತ್ತದೆ. ಇದು ಒಂದೂವರೆ ಮೀಟರ್ ನೀರಿನ ಒತ್ತಡಕ್ಕೆ ಸಮ. ಪಂಪೇ ಬೇಡ, ಬಕೆಟ್ಟಿನಿಂದ ಸುರಿದರೂ ಬಿಸಿಯಾದ ಕನೆಕ್ಟರ್ ತಾನೇ ನೀರನ್ನು ಒಳಗೆ ಹೀರಿಕೊಳ್ಳಲು ನೋಡುತ್ತದೆ. ಪಿ.ಯು.ಸಿ. ಪುಸ್ತಕದ ಅನಿಲ ನಿಯಮ ಕಾರನ್ನು ರಸ್ತೆಯಲ್ಲಿ ನಿಲ್ಲಿಸಿದ್ದು ಹೀಗೆ. ಬಳಿಕ ‘ಹೊಳಪಿಗಾಗಿ’ ಡೀಸೆಲ್ ಸಿಂಪಡಿಸುವ ಪದ್ಧತಿಯೂ ಉಂಟು. ಪೆಟ್ರೋಲಿಯಂ ಎಣ್ಣೆ ತಾಗಿದರೆ ಕೂಲಂಟ್ ಕೊಳವೆಗಳಲ್ಲಿ ಬಳಸುವ ರಬ್ಬರ್ ಉಬ್ಬಿ ಸಡಿಲವಾಗುತ್ತದೆ, ಜಿಡ್ಡಿಗೆ ದೂಳು ಮತ್ತೆ ಅಂಟುತ್ತದೆ, ಪಕ್ಕದಲ್ಲಿ ನೂರಾರು ಡಿಗ್ರಿಗೆ ಕಾಯುವ ಎಗ್ಜಾಸ್ಟ್ ಇದೆ. ಎಂಜಿನ್ ಕೋಣೆಗೆ ಬೇಕಾದದ್ದು ತಣ್ಣಗಾದ ಮೇಲೆ ಬ್ರಷ್, ಒದ್ದೆ ಬಟ್ಟೆ ಮತ್ತು ಗಾಜಿನ ಬುಡದಲ್ಲಿ ಸೇರಿದ ಎಲೆಕಸವನ್ನು ತೆಗೆಯುವ ಎರಡು ಬೆರಳು.

ಒಳಾಂಗಣದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಒಂದು ಅಪಾಯದ ವಿನಾ. ಡ್ಯಾಶ್‌ಬೋರ್ಡಿಗೆ ಸಿಲಿಕೋನ್ ಹಚ್ಚಿ ಮಿಂಚಿಸುವುದು ಎಲ್ಲ ಕಡೆ ನಡೆಯುತ್ತದೆ. ಕಾರು ತಯಾರಕರು ಅದನ್ನು ಮಂಕಾಗಿ ಮಾಡಿದ್ದು ಬುದ್ಧಿ ಇಲ್ಲದೆ ಅಲ್ಲ. ಓರೆಯಾದ ಮುಂಗಾಜಿನ ಮೇಲೆ ಡ್ಯಾಶ್‌ಬೋರ್ಡಿನ ಬೆಳಕು ಸುಮಾರು 60 ಡಿಗ್ರಿ ಪತನ ಕೋನದಲ್ಲಿ ಬೀಳುತ್ತದೆ ಎನ್ನಿ. ಆಗ ಗಾಜಿನ ಪ್ರತಿ ಮೇಲ್ಮೈ ಶೇಕಡ 9ರಷ್ಟನ್ನು ಪ್ರತಿಫಲಿಸುತ್ತದೆ, ಲಂಬ ಪತನದ ಎರಡು ಪಟ್ಟಿಗಿಂತ ಹೆಚ್ಚು. ಸಂಜೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ವಾಯವ್ಯ ದಿಕ್ಕಿಗೆ ಹೋಗುವಾಗ ಸೂರ್ಯ ಎದುರಿಗಿರುತ್ತಾನೆ. ಮಿಂಚುವ ಡ್ಯಾಶ್‌ಬೋರ್ಡಿನ ಬಿಂಬ ರಸ್ತೆಯ ಮೇಲೆ ಬಿಳಿ ಪರದೆಯಂತೆ ತೇಲುತ್ತದೆ. ಆ ಪರದೆಯ ಹಿಂದೆ ರಸ್ತೆ ದಾಟುವ ಮನುಷ್ಯ ಇರಬಹುದು.

ನೀರಿನ ಲೆಕ್ಕವನ್ನೂ ಕರಪತ್ರದಲ್ಲಿ ಹುಡುಕಿದೆ, ಸಿಗಲಿಲ್ಲ. ನಿಮಿಷಕ್ಕೆ 12 ಲೀಟರ್ ಕೊಡುವ ಪೈಪನ್ನು ಹತ್ತು ನಿಮಿಷ ಬಿಟ್ಟರೆ 120 ಲೀಟರ್, ಎರಡು ಬಕೆಟ್ಟಿನಲ್ಲಿ ತೊಳೆದರೆ 30. ಬೆಂಗಳೂರಿನಲ್ಲಿ 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆಯುವುದನ್ನು ಜಲಮಂಡಳಿ ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಮಲಪ್ರಭೆಯ ನೀರಿಗೆ ದಿನ ಎಣಿಸಿ ಕಾದ ನೆನಪಿರುವ ಹುಬ್ಬಳ್ಳಿ-ಧಾರವಾಡದವರಿಗೆ ಇದನ್ನು ವಿವರಿಸಬೇಕಿಲ್ಲ.

ನನ್ನನ್ನು ನಿಜವಾಗಿ ಕಾಡಿದ್ದು ಕರಪತ್ರದಲ್ಲಿ ಸುಳಿವೂ ಇಲ್ಲದ ಒಂದು ವಿಷಯ. ಚಕ್ರಗಳ ತುಕ್ಕುಕಲೆ ತೆಗೆಯುವ ಕೆಲವು ದ್ರಾವಣಗಳಲ್ಲಿ ಅಮೋನಿಯಂ ಬೈಫ್ಲೋರೈಡ್ ಇರುತ್ತದೆ. ನೀರಿನಲ್ಲಿ ಅದು ಹೈಡ್ರೊಫ್ಲೋರಿಕ್ ಆಮ್ಲದಂತೆ ವರ್ತಿಸುತ್ತದೆ. ಚರ್ಮಕ್ಕೆ ತಾಗಿದರೆ ಮೊದಮೊದಲು ಉರಿಯದೆಯೂ ಇರಬಹುದು. ಒಳಗಿಳಿದ ಫ್ಲೋರೈಡ್ ಕ್ಯಾಲ್ಸಿಯಂ ಜೊತೆ ಸೇರಿ ಊತಕವನ್ನು ಕೊಲ್ಲುತ್ತದೆ. ನಮ್ಮ ಪ್ರಯೋಗಾಲಯದಲ್ಲಿ ಕೈಗವಸು ಇಲ್ಲದೆ ಆ ಬಾಟಲಿಯ ಹತ್ತಿರ ಯಾರನ್ನೂ ಬಿಡುವುದಿಲ್ಲ. ಶೆಡ್ಡಿನ ಹುಡುಗರ ಕೈ ಬರಿಗೈ. ಡಬ್ಬಿಯ ಮೇಲೆ ಘಟಕಗಳ ಹೆಸರಿರಲಿಲ್ಲ. “ಇದರಾಗ ಏನೈತಪ್ಪಾ?” ಎಂದು ಕೇಳಿದರೆ, “ಆ್ಯಸಿಡ್ ಐತ್ರಿ ಸರ್, ಛಲೋ ತಗೀತೈತಿ” ಎಂದ. ಅದು ಬೈಫ್ಲೋರೈಡೋ, ಬೇರೆ ಸೌಮ್ಯ ಆಮ್ಲವೋ ಅವನಿಗೂ ತಿಳಿಯದು, ನನಗೂ ತಿಳಿಯಲಿಲ್ಲ. ಒಂದು ಜೊತೆ ಕೈಗವಸಿನ ಬೆಲೆ ಎಷ್ಟೆಂದು ಮಾಲೀಕರಿಗೆ ಹೇಳಿ ಬಂದೆ.

ಅಲ್ಲಿ ಪಾಲಿಶ್ ಮಾಡುವ ಹಿರಿಯ ಮೇಸ್ತ್ರಿಯೊಬ್ಬರಿದ್ದರು. ಕರಪತ್ರವನ್ನು ಅವರು ಓದಿಯೇ ಇರಲಿಲ್ಲ. ನನ್ನ ಹತ್ತು ವರ್ಷದ ಕಡುನೀಲಿ ಕಾರಿನ ಸುತ್ತ ಒಮ್ಮೆ ದೀಪ ಹಿಡಿದು ಬಂದು, “ಈ ಎಡಗಡೆ ಬಾಗಲಾ ಒಮ್ಮಿ ಪೇಂಟ್ ಆಗೇತ್ರಿ ಸರ್” ಎಂದರು. ಆಗಿದ್ದು ನಿಜ, ಗೇಟಿಗೆ ತಾಗಿಸಿದವನು ನಾನೇ. ಅಳೆಯುವ ಉಪಕರಣ ಅವರಲ್ಲಿರಲಿಲ್ಲ. ಆಚೆ ಶೆಡ್ಡಿನ ಪೌಡರ್ ಕೋಟಿಂಗ್‌ನವರ ಬಳಿ ಇತ್ತು, ಕೇಳಿ ತಂದೆವು. ಕಾಂತೀಯ ಪ್ರೇರಣೆಯಿಂದ ಕೆಲಸ ಮಾಡುವ ಈ ಮಾಪಕ ಉಕ್ಕಿಗೂ ತನಗೂ ನಡುವೆ ಇರುವ ಒಟ್ಟು ದಪ್ಪವನ್ನು ತೋರಿಸುತ್ತದೆ. ಅದರಲ್ಲಿ ಕ್ಲಿಯರ್ ಕೋಟ್ ಎಷ್ಟು ಎಂದು ಹೇಳಲಾರದು, ಈ ಮಿತಿಯನ್ನು ಮರೆಯಬಾರದು. ಆದರೆ ಒಂದೇ ಕಾರಿನ ಬೇರೆ ಬೇರೆ ಭಾಗಗಳನ್ನು ಹೋಲಿಸಬಹುದು. ಛಾವಣಿ 116, ಬಲಬಾಗಿಲು 112, ಎಡಬಾಗಿಲು 240. ಬಾನೆಟ್ ಮೇಲೆ ಐದು ಕಡೆ ಇಟ್ಟು ನೋಡಿದೆವು. 90ರ ಆಸುಪಾಸು, ಮೂಗಿನ ಏಣಿನ ಹತ್ತಿರ 84. ಹಿಂದೆ ಎರಡು ಸಲ ಎಲ್ಲೋ ಪಾಲಿಶ್ ಮಾಡಿಸಿದ್ದು ನೆನಪಾಯಿತು.

ಮೇಸ್ತ್ರಿ ಆ ಅಂಕಿಯನ್ನು ನೋಡಿ ಬಫಿಂಗ್ ಯಂತ್ರದ ವೈರ್ ಸುತ್ತತೊಡಗಿದರು. “ಬಾನೆಟ್ ಬ್ಯಾಡ್ರಿ ಸರ್. ಗೆರಿ ಇರಲಿ. ಬರೇ ತೊಳದು ಮೇಣಾ ಹಚ್ಚಿ ಕೊಡ್ತೀನಿ, ಅದಕ್ಕ ರೊಕ್ಕಾ ಕಡಿಮಿ ಆಕ್ಕೈತಿ” ಎಂದರು. ಬಾಗಿಲುಗಳನ್ನು ಮಾತ್ರ ತೀಡಿದರು. ಮಾಪಕವನ್ನು ಹಿಂದಿರುಗಿಸಲು ಹೋದಾಗ ಅದರ ಬೆಲೆ ಎಷ್ಟು, ಹುಬ್ಬಳ್ಳಿಯಲ್ಲಿ ಎಲ್ಲಿ ಸಿಗುತ್ತದೆ ಎಂದು ಪೌಡರ್ ಕೋಟಿಂಗ್‌ನವರನ್ನು ಅವರು ವಿಚಾರಿಸುತ್ತಿದ್ದರು.